ತೂಕವೂ ಎತ್ತರವೂ: ಅಭಿವೃದ್ಧಿಶೀಲ ದೇಶಗಳ ಎಳೆಯ ಮಕ್ಕಳಲ್ಲಿ ಅಧಿಕ ತೂಕ

ಎಳೆಯ ಮಗುವೊಂದನ್ನು ಕಂಡಾಗ ನಮ್ಮ ಕಡೆಯಲ್ಲಿ ಮೊದಲು ಬರುವ ಮಾತು ಎರಡೇ: 'ತೋರ ಆಗಿದೆ', ಇಲ್ಲವೇ 'ಸಪೂರ ಆಗಿದೆ'. ತೋರ ಎಂದರೆ ತಾಯಿಗೆ ಹಿಗ್ಗು. ಅಜ್ಜಿಗೆ ಮಾತ್ರ ದೃಷ್ಟಿ ತಾಗೀತೆಂಬ ಭಯ. ಸಪೂರ ಎಂದರೆ ಇಬ್ಬರಿಗೂ ಬೇಸರ. ಘಟ್ಟದ ಮೇಲಿನವರು ದಪ್ಪ, ಸಣಕಲು ಎನ್ನುತ್ತಾರೆ. ನಮ್ಮ ನೆರೆಯ ಮಲಯಾಳದಲ್ಲಿ 'ತಡಿ' ಎಂದರೆ ಮರದ ದಿಮ್ಮಿಯೂ ಹೌದು, ಮೈಯ ಗಾತ್ರವೂ ಹೌದು. ಮಗು 'ತಡಿ ವೆಚ್ಚು' ಎಂದರೆ ಮೈ ತುಂಬಿಕೊಂಡಿತೆಂದು ಅರ್ಥ. ಈ ಮಾತುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಕೊರತೆ ಕಾಣುತ್ತದೆ. ಇವೆಲ್ಲವೂ ಮೈಯ ಅಗಲವನ್ನು ಹೇಳುತ್ತವೆ. ಎತ್ತರದ ಸುದ್ದಿ ಒಂದರಲ್ಲಿಯೂ ಇಲ್ಲ. ಮೂರು ವರ್ಷದ ಮಗು ಗಿಡ್ಡವಾಗಿದ್ದರೆ 'ಅಪ್ಪನ ಹಾಗೆ' ಎಂದು ಹೇಳಿ ಮುಗಿಸಿಬಿಡುತ್ತೇವೆ. ಭಾಷೆ ಕಲಿಸುವ ನಾವು ಆರೋಗ್ಯದ ಅಂಕಿಸಂಖ್ಯೆಗಳ ಪಾಠಕ್ಕೆ ಕೈಹಾಕಲು ಈ ಕೊರತೆಯೇ ಕಾರಣ.

ಅಭಿವೃದ್ಧಿಶೀಲ ದೇಶಗಳ ಮಕ್ಕಳೆಂದರೆ ಹಸಿದ ಮಕ್ಕಳು, ಎಲುಬು ಕಾಣುವ ಮಕ್ಕಳು ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ಅದು ಸುಳ್ಳಲ್ಲ. ಆದರೆ ಆ ದೇಶಗಳಲ್ಲಿಯೇ ಐದು ವರ್ಷದೊಳಗಿನ ಕೆಲವು ಮಕ್ಕಳ ತೂಕ ಇರಬೇಕಾದುದಕ್ಕಿಂತ ಬಹಳ ಹೆಚ್ಚಾಗಿದೆ ಎಂಬ ಸಂಗತಿಯತ್ತ ವಿದ್ವಾಂಸರ ಗಮನ ಹರಿದದ್ದು ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿದ್ದ ಮರ್ಸಿಡಿಸ್ ದೆ ಓನಿಸ್ ಮತ್ತು ಮೋನಿಕಾ ಬ್ಲಾಸ್ನರ್ ಎಂಬ ಇಬ್ಬರು ಮಹಿಳೆಯರು ೯೪ ದೇಶಗಳ ೧೬೦ ಸಮೀಕ್ಷೆಗಳನ್ನು ಕಲೆಹಾಕಿ ೨೦೦೦ನೆಯ ಇಸವಿಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅಧಿಕ ತೂಕದ ಮಕ್ಕಳ ಪ್ರಮಾಣ ಶೇಕಡಾ ೩.೩ ಎಂದು ಅವರ ಲೆಕ್ಕ. ಮಧ್ಯಪ್ರಾಚ್ಯ, ಉತ್ತರ ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಅದು ಇನ್ನೂ ಹೆಚ್ಚು. ಹಳೆಯ ಸಮೀಕ್ಷೆಯನ್ನೂ ಹೊಸತನ್ನೂ ಹೋಲಿಸಲು ಸಾಧ್ಯವಾದ ೩೮ ದೇಶಗಳ ಪೈಕಿ ೧೬ರಲ್ಲಿ ಪ್ರಮಾಣ ಏರುತ್ತಿತ್ತು. ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇದೆ: ಏಷ್ಯ ಮತ್ತು ಆಫ್ರಿಕಗಳಲ್ಲಿ ಸೊರಗಿದ ಮಕ್ಕಳ ಪ್ರಮಾಣ ಅಧಿಕ ತೂಕದವರ ಪ್ರಮಾಣದ ಎರಡೂವರೆಯಿಂದ ಮೂರೂವರೆ ಪಟ್ಟಿತ್ತು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಹತ್ತು ವರ್ಷಗಳ ಮೇಲೆ, ೨೦೧೦ರಲ್ಲಿ, ದೆ ಓನಿಸ್ ಮತ್ತು ಸಂಗಡಿಗರು ಪುನಃ ಲೆಕ್ಕ ಹಾಕಿದರು. ಈ ಸಲ ೧೪೪ ದೇಶಗಳ ೪೫೦ ಸಮೀಕ್ಷೆಗಳು. ಪ್ರಪಂಚದಲ್ಲಿ ೪ ಕೋಟಿ ೩೦ ಲಕ್ಷ ಎಳೆಯ ಮಕ್ಕಳು ಅಧಿಕ ತೂಕದವರೆಂದೂ, ಅವರಲ್ಲಿ ೩ ಕೋಟಿ ೫೦ ಲಕ್ಷ ಮಕ್ಕಳು ಅಭಿವೃದ್ಧಿಶೀಲ ದೇಶಗಳವರೆಂದೂ ತಿಳಿದುಬಂತು. ೧೯೯೦ರಲ್ಲಿ ಶೇಕಡಾ ೪.೨ ಇದ್ದ ಪ್ರಮಾಣ ೨೦೧೦ಕ್ಕೆ ೬.೭ ಆಗಿದೆ, ೨೦೨೦ಕ್ಕೆ ೯.೧ ಆದೀತು ಎಂದು ಅವರು ಬರೆದರು.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಕೈ ಎತ್ತಬೇಕು. ಮೊದಲ ಲೇಖನದಲ್ಲಿ ೩.೩ ಎಂದವರು ಎರಡನೆಯದರಲ್ಲಿ ಅದಕ್ಕೂ ಹಿಂದಿನ ೧೯೯೦ನೆಯ ಇಸವಿಗೆ ೪.೨ ಎಂದದ್ದು ಹೇಗೆ? ಮಕ್ಕಳು ಹಿಂದಕ್ಕೆ ಹೋಗಿ ದಪ್ಪವಾದರೇ? ಹಾಗಲ್ಲ. ಎರಡನೆಯ ಸಲ ಸಮೀಕ್ಷೆಗಳೂ ಹೆಚ್ಚಾಗಿದ್ದವು. ಅದಕ್ಕಿಂತ ಮುಖ್ಯವಾಗಿ ನಡುವೆ ಅಳತೆಗೋಲೇ ಬದಲಾಗಿತ್ತು. ಮೊದಲು ಬಳಸುತ್ತಿದ್ದುದು ೧೯೭೭ರ ಅಮೆರಿಕದ ಕೋಷ್ಟಕ. ಅದರಲ್ಲಿ ಎಳೆಗೂಸುಗಳ ಭಾಗಕ್ಕೆ ಆಧಾರವಾದದ್ದು ಒಹಾಯೊ ಸಂಸ್ಥಾನದ ಒಂದೇ ಊರಿನ ಸುತ್ತಲಿನ ಮಕ್ಕಳು; ಅವರಲ್ಲಿ ಹೆಚ್ಚಿನವರು ಬಾಟಲಿ ಹಾಲು ಕುಡಿದವರು. ಜಗತ್ತಿನ ಮಕ್ಕಳನ್ನೆಲ್ಲ ಅವರೊಂದಿಗೆ ಹೋಲಿಸುವುದು ಸರಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೧೯೯೭ರಿಂದ ೨೦೦೩ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕಗಳಲ್ಲಿ ಸುಮಾರು ೮,೫೦೦ ಮಕ್ಕಳನ್ನು ಅಳೆದು, ೨೦೦೬ರಲ್ಲಿ ಹೊಸ ಮಾನದಂಡವನ್ನು ಹೊರತಂದಿತು. ಆಯ್ದುಕೊಂಡ ಮಕ್ಕಳು ತಾಯಿಹಾಲು ಕುಡಿದವರು, ತಕ್ಕಮಟ್ಟಿನ ಅನುಕೂಲವುಳ್ಳ ಮನೆಯವರು. ಅಂಥ ಮಕ್ಕಳು ಈ ಆರು ದೇಶಗಳಲ್ಲಿಯೂ ಎತ್ತರದಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಬೆಳೆದರು! 'ನಮ್ಮ ಜಾತಿಯೇ ಗಿಡ್ಡ' ಎಂದು ಐದು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

೨೦೨೦ರ ಬಗ್ಗೆ ಹೇಳಿದ ಭವಿಷ್ಯ ನಿಜವಾಗಲಿಲ್ಲ ಎಂಬುದನ್ನೂ ಹೇಳಬೇಕು. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಬ್ಯಾಂಕು ಸೇರಿ ಪ್ರಕಟಿಸುವ ಲೆಕ್ಕದಂತೆ ಜಗತ್ತಿನ ಪ್ರಮಾಣ ಆ ವರ್ಷ ಶೇಕಡಾ ೬ನ್ನೂ ದಾಟಲಿಲ್ಲ. ೨೦೨೪ಕ್ಕೆ ಅದು ೫.೫, ಎಂದರೆ ೩ ಕೋಟಿ ೫೫ ಲಕ್ಷ ಮಕ್ಕಳು. ಅವರಲ್ಲಿ ಅರ್ಧದಷ್ಟು ಮಂದಿ ಏಷ್ಯದವರು. ಅದೇ ವರ್ಷ ೧೫ ಕೋಟಿ ಮಕ್ಕಳ ಎತ್ತರ ಕುಂಠಿತವಾಗಿತ್ತು. ೪ ಕೋಟಿ ೨೮ ಲಕ್ಷ ಮಕ್ಕಳು ಸೊರಗಿದ್ದರು. ಏರುಮುಖದ ಗೆರೆಯೊಂದನ್ನು ಕಂಡೊಡನೆ ಅದನ್ನು ಆಕಾಶಕ್ಕೆ ಎಳೆದುಬಿಡುವುದು ಗಣಿತದಲ್ಲಿ ಸುಲಭ, ಮಕ್ಕಳ ವಿಷಯದಲ್ಲಿ ಅಷ್ಟು ಸುಲಭವಲ್ಲ.

ಇನ್ನು 'ಅಧಿಕ ತೂಕ' ಎಂದು ತೀರ್ಮಾನಿಸುವುದು ಹೇಗೆ? ಮಗುವಿನ ಎತ್ತರವೆಷ್ಟೋ ಅಷ್ಟೇ ಎತ್ತರದ ಆರೋಗ್ಯವಂತ ಮಕ್ಕಳ ತೂಕದ ಮಧ್ಯಾಂಕವನ್ನು ಮೊದಲು ಹುಡುಕಬೇಕು. ಹತ್ತನೆಯ ತರಗತಿಯವರು ಮಾನಕ ವಿಚಲನೆ ಎಂಬ ಮಾತನ್ನು ಕೇಳಿರಬಹುದು. ಮಧ್ಯಾಂಕದಿಂದ ಎರಡು ಮಾನಕ ವಿಚಲನೆಗಿಂತಲೂ ಮೇಲಕ್ಕೆ ಮಗುವಿನ ತೂಕ ಹೋಗಿದ್ದರೆ ಅದು ಅಧಿಕ ತೂಕ. ಎರಡಕ್ಕಿಂತ ಕೆಳಕ್ಕಿಳಿದಿದ್ದರೆ ಮಗು ಸೊರಗಿದೆ. ವಯಸ್ಸಿಗೆ ತಕ್ಕ ಎತ್ತರದಲ್ಲಿ ಹಾಗೆಯೇ ಕೆಳಗಿದ್ದರೆ ಬೆಳವಣಿಗೆ ಕುಂಠಿತ. ಈ ಲೆಕ್ಕದಂತೆ ಸಂಪೂರ್ಣ ಆರೋಗ್ಯವಂತ ಮಕ್ಕಳ ಗುಂಪಿನಲ್ಲಿಯೂ ಶೇಕಡಾ ೨.೩ ಮಂದಿ, ಅಂದರೆ ಸಾವಿರಕ್ಕೆ ೨೩ ಮಕ್ಕಳು, ಮೇಲಿನ ಗೆರೆಯನ್ನು ದಾಟಿಯೇ ಇರುತ್ತಾರೆ. ಗೆರೆ ಎಳೆದ ರೀತಿಯೇ ಅಂಥದು. ಆದ್ದರಿಂದ ಒಂದು ದೇಶದಲ್ಲಿ ಶೇಕಡಾ ೨ ಎಂದು ಕೇಳಿ ಗಾಬರಿಯಾಗಬೇಕಾದ್ದಿಲ್ಲ. ೧೫ ಎಂದಾಗ ಮಾತ್ರ ಎದ್ದು ಕುಳಿತುಕೊಳ್ಳಬೇಕು.

ನಮ್ಮ ದೇಶದ ಸಂಖ್ಯೆಗಳನ್ನು ಈ ಬೆಳಕಿನಲ್ಲಿ ಓದೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕದವರು ೨೦೦೫–೦೬ರಲ್ಲಿ ಶೇಕಡಾ ೧.೫, ೨೦೧೫–೧೬ರಲ್ಲಿ ೨.೧, ೨೦೧೯–೨೧ರಲ್ಲಿ ೩.೪. ಮೊದಲ ಎರಡು ಸಂಖ್ಯೆಗಳು ೨.೩ರ ಕೆಳಗಿದ್ದವು, ಮೂರನೆಯದು ದಾಟಿತು. ೩.೪ ಸಣ್ಣದೆನಿಸಬಹುದು. ಹತ್ತು ಕೋಟಿಗೂ ಮಿಕ್ಕ ಎಳೆಯ ಮಕ್ಕಳಿರುವ ದೇಶದಲ್ಲಿ ಅದು ೩೪ ಲಕ್ಷಕ್ಕೂ ಹೆಚ್ಚು ಮಕ್ಕಳೆಂದು ಲೆಕ್ಕ ಹಾಕಿದರೆ ಸಣ್ಣದಲ್ಲ. ಕೊನೆಯ ಸಮೀಕ್ಷೆಯಲ್ಲಿ ಕೇರಳದ ಪ್ರಮಾಣ ೪, ಕರ್ನಾಟಕದ್ದು ೩.೨. ಆದರೆ ಅದೇ ಸಮೀಕ್ಷೆಯಲ್ಲಿ ದೇಶದ ಮಕ್ಕಳಲ್ಲಿ ಶೇಕಡಾ ೩೫.೫ ಮಂದಿಯ ಎತ್ತರ ಕುಂಠಿತ, ೧೯.೩ ಮಂದಿ ಸೊರಗಿದವರು. ಶಿಕ್ಷಣಕ್ಕೂ ಆಸ್ಪತ್ರೆಗಳಿಗೂ ಹೆಸರಾದ ನಮ್ಮ ಕೇರಳದಲ್ಲಿಯೂ ಶೇಕಡಾ ೨೩.೪ ಮಂದಿ ಎತ್ತರದಲ್ಲಿ ಹಿಂದುಳಿದವರೇ.

ಒಂದು ಉದಾಹರಣೆಯನ್ನು ಇಲ್ಲಿ ನಿಧಾನವಾಗಿ ಬಿಡಿಸಬೇಕು. ಈ ಲೇಖನದಲ್ಲಿ ಉಳಿದದ್ದು ಮರೆತರೂ ಇದು ನೆನಪಿರಲಿ. ಸರಿಯಾಗಿ ಮೂರು ವರ್ಷ ತುಂಬಿದ ಗಂಡುಮಗುವಿನ ತೂಕದ ಮಧ್ಯಾಂಕ ಹೊಸ ಮಾನದಂಡದಂತೆ ೧೪ ಕಿಲೋ ೩೦೦ ಗ್ರಾಂ. ಎತ್ತರದ್ದು ೯೬ ಸೆಂಟಿಮೀಟರ್. ಅಂಗನವಾಡಿಯಲ್ಲಿ ಒಬ್ಬ ಹುಡುಗನನ್ನು ತೂಗಿದರು ಎನ್ನೋಣ. ಮುಳ್ಳು ೧೪ ಕಿಲೋ ೩೦೦ ಗ್ರಾಮಿಗೆ ನಿಂತಿತು. ಬೆಳವಣಿಗೆಯ ಕಾರ್ಡಿನಲ್ಲಿ ಚುಕ್ಕೆ ಹಸುರು ಪಟ್ಟಿಯ ಒಳಗೆ, ನಟ್ಟನಡುವಿನ ಗೆರೆಯ ಮೇಲೆಯೇ ಬಿತ್ತು. ಟೀಚರಿಗೆ ಸಮಾಧಾನ, ತಾಯಿಗೆ ಸಂತೋಷ. ಈಗ ಅದೇ ಹುಡುಗನನ್ನು ಗೋಡೆಗೆ ನಿಲ್ಲಿಸಿ ಅಳೆದಾಗ ಎತ್ತರ ೮೬ ಸೆಂಟಿಮೀಟರ್ ಬಂತೆನ್ನಿ. ಅವನ ವಯಸ್ಸಿಗೆ ಇದು ಬಹಳ ಕಡಿಮೆ, ಬೆಳವಣಿಗೆ ಕುಂಠಿತ. ೮೬ ಸೆಂಟಿಮೀಟರ್ ಎತ್ತರದ ಗಂಡುಮಗುವಿಗೆ ಇರಬೇಕಾದ ತೂಕವೋ ಸುಮಾರು ೧೨ ಕಿಲೋ. ಹಾಗಾದರೆ ಇವನು ಅಧಿಕ ತೂಕದವನೂ ಹೌದು! ವಯಸ್ಸನ್ನೂ ತೂಕವನ್ನೂ ಮಾತ್ರ ನೋಡುವ ಕಾರ್ಡು ಒಂದೇ ಮಗುವಿನ ಎರಡು ತೊಂದರೆಗಳನ್ನು ಕೂಡಿಸಿ, ಒಂದರಿಂದ ಇನ್ನೊಂದನ್ನು ಮುಚ್ಚಿ, 'ಸರಿಯಾಗಿದೆ' ಎಂದು ಬರೆಯಿತು.

ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ೧೯೭೫ರ ಅಕ್ಟೋಬರ್ ೨ರಂದು ೩೩ ಬ್ಲಾಕುಗಳಲ್ಲಿ ಆರಂಭವಾಯಿತು. ಅಂದಿನಿಂದ ದಶಕಗಳ ಕಾಲ ಅಂಗನವಾಡಿಗಳ ಮುಖ್ಯ ಸಾಧನ ತಕ್ಕಡಿಯೇ ಆಗಿತ್ತು. ಹಸಿವೆಯೇ ದೊಡ್ಡ ಶತ್ರುವಾಗಿದ್ದಾಗ ಅದು ಸಾಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ೨೦೧೮ರ ಪೋಷಣ್ ಅಭಿಯಾನದ ಬಳಿಕ ಎತ್ತರ ಅಳೆಯುವ ಸಾಧನಗಳೂ ಬಂದಿವೆ. ಆದರೆ ಅಳುವ ಮಗುವನ್ನು ತಕ್ಕಡಿಗೆ ಹಾಕುವುದು ಸುಲಭ, ನೆಟ್ಟಗೆ ನಿಲ್ಲಿಸುವುದು ಕಷ್ಟ. ತಮ್ಮ ತಂಗಿಯರನ್ನು ಕರೆದುಕೊಂಡು ಹೋದವರಿಗೆ ನಾವು ಇದನ್ನು ವಿವರಿಸಬೇಕಾಗಿಲ್ಲ.

ಗಿಡ್ಡವೂ ಹೌದು, ತೋರವೂ ಹೌದು ಎಂಬ ಮಕ್ಕಳು ಹೇಗೆ ಉಂಟಾಗುತ್ತಾರೆ? ಎತ್ತರ ಬೆಳೆಯಲು ಕ್ಯಾಲೊರಿ ಮಾತ್ರ ಸಾಲದು; ಒಳ್ಳೆಯ ಸಸಾರಜನಕ ಬೇಕು, ಸತು ಮುಂತಾದ ಖನಿಜಗಳು ಬೇಕು, ಮೇಲಿಂದ ಮೇಲೆ ಭೇದಿ ಜ್ವರಗಳು ಬಾರದಿರಬೇಕು. ಕೊಬ್ಬು ಶೇಖರವಾಗಲು ಮಾತ್ರ ಯಾವ ಕ್ಯಾಲೊರಿಯಾದರೂ ಸಾಕು. ಮೂರು ವರ್ಷದ ಮಗುವಿಗೆ ದಿನಕ್ಕೆ ಸಾವಿರದ ಆಸುಪಾಸು ಕ್ಯಾಲೊರಿ ಬೇಕು. ೫೦ ಗ್ರಾಂ ಸಿಹಿ ಬಿಸ್ಕತ್ತಿನಲ್ಲಿಯೇ ಸುಮಾರು ೨೨೫ ಕ್ಯಾಲೊರಿ ಇದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಸುಮಾರು ೭೦ ಕ್ಯಾಲೊರಿ, ಆದರೆ ೬ ಗ್ರಾಂ ಸಸಾರಜನಕ. ಚಾದಲ್ಲಿ ಬಿಸ್ಕತ್ತು ಅದ್ದಿ ತಿಂದ ಮಗು ಮಧ್ಯಾಹ್ನ ಗಂಜಿ, ಪದಾರ್ಥ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. 'ಊಟವೇ ಮಾಡುವುದಿಲ್ಲ, ಆದರೂ ತೋರ ಇದ್ದಾನೆ, ದೇವರ ದಯೆ' ಎಂದು ತಾಯಿ ಹೇಳುವಾಗ ಆ ದಯೆ ಅಂಗಡಿಯಿಂದ ಬಂದದ್ದು.

ಒಂದಿಡೀ ದೇಶದಲ್ಲಿ ಇಂಥ ಮಕ್ಕಳು ಹೆಚ್ಚಾದದ್ದಕ್ಕೆ ನಿದರ್ಶನ ಈಜಿಪ್ಟ್. ೨೦೦೮ರ ಸಮೀಕ್ಷೆಯಲ್ಲಿ ಅಲ್ಲಿನ ಎಳೆಯ ಮಕ್ಕಳಲ್ಲಿ ಐದರಲ್ಲಿ ಒಬ್ಬ ಅಧಿಕ ತೂಕದವನು. ಶೇಕಡಾ ೨೯ ಮಂದಿ ಕುಂಠಿತರು. ಎರಡೂ ಒಂದೇ ದೇಶದಲ್ಲಿ, ಹಲವು ವೇಳೆ ಒಂದೇ ಮನೆಯಲ್ಲಿ. ಈಜಿಪ್ಟಿನ ಸರಕಾರ ಬಹುಕಾಲದಿಂದ ಬಡವರಿಗೆ ರೊಟ್ಟಿ, ಸಕ್ಕರೆ, ಎಣ್ಣೆಗಳನ್ನು ಅಗ್ಗದ ಬೆಲೆಗೆ ಕೊಡುತ್ತ ಬಂದಿದೆ. ೧೯೭೭ರ ಜನವರಿಯಲ್ಲಿ ಈ ಸಹಾಯಧನವನ್ನು ಕಡಿತ ಮಾಡಹೊರಟಾಗ ಊರೂರುಗಳಲ್ಲಿ ದಂಗೆಯೆದ್ದು ಸರಕಾರ ಹಿಂದೆಗೆಯಬೇಕಾಯಿತು. ಒಂದು ರೊಟ್ಟಿಯ ಬೆಲೆ ೧೯೮೯ರಿಂದ ೨೦೨೪ರ ಮೇ ತಿಂಗಳವರೆಗೆ ಐದು ಪಿಯಾಸ್ಟರಿನಲ್ಲಿಯೇ ನಿಂತಿತ್ತು. ಆ ಬಳಿಕ ಇಪ್ಪತ್ತಾಯಿತು. ಹೊಟ್ಟೆ ತುಂಬಿಸಿದ ಈ ಯೋಜನೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ರೇಷನ್ ಅಂಗಡಿಯ ಅಕ್ಕಿ ಇಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುತ್ತಿರಲಿಲ್ಲ. ಆದರೆ ಅಗ್ಗವಾಗಿದ್ದದ್ದು ಯಾವುದು ಎಂದು ನೋಡಿ: ಹಿಟ್ಟು, ಸಕ್ಕರೆ, ಎಣ್ಣೆ. ತರಕಾರಿ, ಬೇಳೆ, ಮೊಟ್ಟೆಗಳು ಅಷ್ಟು ಅಗ್ಗವಲ್ಲ. ೨೦೦೬ರ ಫೆಬ್ರವರಿಯಲ್ಲಿ ಆ ದೇಶಕ್ಕೆ ಹಕ್ಕಿಜ್ವರ ಬಂದು ಕೋಳಿಗಳನ್ನು ಸಾಮೂಹಿಕವಾಗಿ ಕೊಲ್ಲಬೇಕಾಯಿತು. ಮನೆಯ ಹಿತ್ತಿಲಲ್ಲಿ ಕೋಳಿ ಸಾಕುವ ಬಡವರು ಮಾಂಸವನ್ನೂ ಮೊಟ್ಟೆಯನ್ನೂ ಕಳೆದುಕೊಂಡರು. ರೊಟ್ಟಿ ಸಕ್ಕರೆಗಳು ಉಳಿದವು. ಆ ವರ್ಷಗಳಲ್ಲಿ ಮಕ್ಕಳ ಎತ್ತರ ಕುಂಠಿತವಾದದ್ದಕ್ಕೆ ಇದೂ ಒಂದು ಕಾರಣವೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ೨೦೧೪ರಲ್ಲಿ ಅಧಿಕ ತೂಕ ಶೇಕಡಾ ೧೫ಕ್ಕೂ ಕುಂಠಿತ ಬೆಳವಣಿಗೆ ೨೧ಕ್ಕೂ ಇಳಿದಿತ್ತು.

ದಕ್ಷಿಣ ಅಮೆರಿಕದ ಚಿಲಿಯಲ್ಲಿ ಇನ್ನೊಂದು ಬಗೆಯ ಪಾಠ ದೊರೆಯಿತು. ಅಲ್ಲಿ ಮಕ್ಕಳಿಗೆ ಆಹಾರ ಹಂಚುವ ಯೋಜನೆಗಳು ಸೊರಗುವಿಕೆಯನ್ನು ಬಹುಮಟ್ಟಿಗೆ ಅಳಿಸಿಹಾಕಿದ್ದವು. ಆಮೇಲೂ ಅದೇ ರೀತಿಯಲ್ಲಿ ಹಂಚುತ್ತ ಹೋದರೆ ಗಿಡ್ಡವಾಗಿದ್ದು ತೂಕ ಸರಿಯಾಗಿರುವ ಮಗುವಿಗೆ ಬೇಡದ ಕ್ಯಾಲೊರಿ ತುಂಬಿದಂತಾಗುತ್ತದೆ ಎಂದು ರಿಕಾರ್ಡೊ ಉವಾಯ್ ಮತ್ತು ಜೂಲಿಯಾನಾ ಕೈನ್ ೨೦೦೨ರಲ್ಲಿ ಎಚ್ಚರಿಸಿದರು. ಇದನ್ನು ಓದಿದ ಅವಸರದ ಜನ ನಮ್ಮ ಅಂಗನವಾಡಿಯ ಊಟಕ್ಕೆ ಕತ್ತರಿ ಹಾಕೋಣ ಎನ್ನಬಾರದು. ಐವರಲ್ಲಿ ಒಬ್ಬರಂತೆ ಮಕ್ಕಳು ಸೊರಗಿರುವ ದೇಶ ನಮ್ಮದು, ಚಿಲಿಯಲ್ಲ. ನಮ್ಮಲ್ಲಿ ಬೇಕಾದದ್ದು ಊಟದ ಕಡಿತವಲ್ಲ. ತಟ್ಟೆಯಲ್ಲಿ ಬೇಳೆ, ಮೊಟ್ಟೆ, ಸೊಪ್ಪುಗಳ ಪಾಲು ಹೆಚ್ಚಬೇಕು. ಕುಟುಂಬಶ್ರೀಯ ಮಹಿಳೆಯರು ತಯಾರಿಸುವ 'ಅಮೃತಂ' ಹುಡಿಯಲ್ಲಿ ಗೋಧಿ, ಕಡಲೆ, ನೆಲಗಡಲೆ, ಸೋಯಾ ಎಲ್ಲ ಇವೆ, ಸಕ್ಕರೆಯೂ ಇದೆ. ಅದು ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಗುವಿಗೆ ಕೊಡುವ ಆಹಾರ. ಮನೆಯ ದೊಡ್ಡವರು ಅದರಲ್ಲಿ ಉಂಡೆ ಕಟ್ಟಿ ತಿಂದರೆ ಸಮೀಕ್ಷೆಯವರೇನು ಮಾಡಿಯಾರು?

ಪ್ರಮಾಣ ೩.೪ ಮಾತ್ರ ಎಂದು ನಾವು ನಿಶ್ಚಿಂತರಾಗಿರಲು ಸಾಧ್ಯವಿಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಡೆದ ಎರಡು ಅಧ್ಯಯನಗಳಿವೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಸಂಗಡಿಗರು ಆ ನಗರದ ಹತ್ತಿರದ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಂದಿಗೆ ಹೋಲಿಸಿ ೨೦೦೩ರಲ್ಲಿ ಬರೆದರು. ನಮ್ಮ ಶಿಶುಗಳ ಸರಾಸರಿ ತೂಕ ೨.೭ ಕಿಲೋ, ಅವರದು ೩.೫. ನಮ್ಮ ಶಿಶುಗಳ ಸ್ನಾಯು, ಹೊಟ್ಟೆಯ ಸುತ್ತಳತೆ ಎಲ್ಲ ಕಡಿಮೆಯೇ. ಆದರೆ ಬೆನ್ನಿನ ಚರ್ಮದ ಅಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಸಪೂರದಂತೆ ಕಾಣುವ, ಒಳಗೆ ಕೊಬ್ಬಿರುವ ಕೂಸು! ತೋರ, ಸಪೂರ ಎಂಬ ನಮ್ಮ ಎರಡು ಮಾತುಗಳು ಇಲ್ಲಿ ಸೋಲುತ್ತವೆ. ಇನ್ನೊಂದು, ಹೊಸದಿಲ್ಲಿಯಲ್ಲಿ ೧೯೬೯ರಿಂದ ೧೯೭೨ರವರೆಗೆ ಹುಟ್ಟಿದವರನ್ನು ಬಾಲ್ಯದಿಂದಲೂ ಅಳೆಯುತ್ತ ಬಂದ ಅಧ್ಯಯನ. ಅವರಲ್ಲಿ ಸುಮಾರು ೧,೫೦೦ ಮಂದಿಯನ್ನು ೨೬ರಿಂದ ೩೨ರ ಪ್ರಾಯದಲ್ಲಿ ಪರೀಕ್ಷಿಸಿ ೨೦೦೪ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಕ್ಕರೆ ಕಾಯಿಲೆ ಅಥವಾ ಅದರ ಮುನ್ಸೂಚನೆ ಕಂಡುಬಂದವರು ಎಳವೆಯಲ್ಲಿ ದಪ್ಪಗಿದ್ದವರಲ್ಲ. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಎತ್ತರಕ್ಕೆ ಹೋಲಿಸಿದರೆ ತೂಕವನ್ನು ಬೇಗ ಬೇಗ ಏರಿಸಿಕೊಂಡವರು. ನಮ್ಮ ತರಗತಿಯ ಬಹಳ ಮಂದಿ ವಿದ್ಯಾರ್ಥಿಗಳ ಮನೆಯಲ್ಲಿ ಒಬ್ಬರಾದರೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿದ್ದಾರೆ. ಆ ಕಾಯಿಲೆಯ ಬೇರು ಎಷ್ಟು ಹಿಂದಕ್ಕೆ ಹೋಗುತ್ತದೆಂದು ಯೋಚಿಸಿದ್ದೀರಾ?

ತೂಕದ ಆಸೆಯನ್ನು ಬೆಳೆಸಿದವರಲ್ಲಿ ವ್ಯಾಪಾರಿಗಳೂ ಇದ್ದಾರೆ. ಹಿಂದೆ ಹಾಲುಹುಡಿಯ ಡಬ್ಬಿಗಳ ಮೇಲೆ ಕೆನ್ನೆಯುಬ್ಬಿದ ದುಂಡು ಮಗುವಿನ ಚಿತ್ರವಿರುತ್ತಿತ್ತು. ನಮ್ಮ ಎಳವೆಯಲ್ಲಿ ಅಡುಗೆಮನೆಯ ಅಟ್ಟದಲ್ಲಿ ಸಾಸಿವೆ ಮೆಂತೆ ತುಂಬಿಡುತ್ತಿದ್ದುದೇ ಅಂಥ ಡಬ್ಬಿಗಳಲ್ಲಿ. ೧೯೯೨ರಲ್ಲಿ ಭಾರತ ಸರಕಾರ ಒಂದು ಕಾಯಿದೆ ಮಾಡಿ, ಶಿಶು ಹಾಲಿನ ಡಬ್ಬಿಗಳ ಮೇಲೆ ಮಗುವಿನ ಅಥವಾ ತಾಯಿಯ ಚಿತ್ರ ಹಾಕುವುದನ್ನೇ ನಿಷೇಧಿಸಿತು. ಒಳ್ಳೆಯ ಕಾಯಿದೆ. ಆದರೆ ಎರಡು ವರ್ಷ ದಾಟಿದ ಮಕ್ಕಳ ತಿಂಡಿ ಪೊಟ್ಟಣಗಳಿಗೆ ಅದರ ಕೈ ತಲುಪುವುದಿಲ್ಲ. ಅಲ್ಲಿ ದುಂಡು ಮಗುವಿನ ಬದಲು ಬಣ್ಣಬಣ್ಣದ ಕಾರ್ಟೂನುಗಳು ಬಂದಿವೆ. ಎರಡು ವರ್ಷದೊಳಗಿನ ಮಗುವಿಗೆ ಸಿಹಿ ಪಾನೀಯಗಳನ್ನು ಕೊಡಲೇಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಹೇಳಿದೆ. ನಮ್ಮ ಮದುವೆ ಮನೆಗಳಲ್ಲಿ ಕಂಕುಳ ಕೂಸಿನ ಬಾಯಿಗೂ ಬಣ್ಣದ ಪಾನೀಯದ ಲೋಟ ಹೋಗುವುದನ್ನು ನಾವು ನೋಡುತ್ತಲೇ ಇದ್ದೇವೆ. ಇದು ಎಳೆಯರ ಮಾತಾಯಿತು. ದೊಡ್ಡ ಮಕ್ಕಳೇ, ನೀವೂ ಲೆಕ್ಕದಲ್ಲಿದ್ದೀರಿ: ೨೦೨೫ರ ಯುನಿಸೆಫ್ ವರದಿಯಂತೆ ಜಗತ್ತಿನ ೫ರಿಂದ ೧೯ ವರ್ಷದವರಲ್ಲಿ ಬೊಜ್ಜು ಬಂದವರು ಶೇಕಡಾ ೯.೪, ತೂಕ ಕಡಿಮೆಯಾದವರು ೯.೨. ಬೊಜ್ಜಿನವರ ಪ್ರಮಾಣ ಮುಂದೆ ಹೋದದ್ದು ಇದೇ ಮೊದಲು. ದಕ್ಷಿಣ ಏಷ್ಯದಲ್ಲಿ ಇನ್ನೂ ಹಾಗಾಗಿಲ್ಲ.

ಮನೆಯಲ್ಲಿ ಎಳೆಯ ತಮ್ಮ ತಂಗಿಯರಿದ್ದವರು ಅಳತೆ ಮಾಡುವ ಕ್ರಮವನ್ನು ಕಲಿಯಬಹುದು. ಎರಡು ವರ್ಷದೊಳಗಿನ ಮಗುವನ್ನು ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆಯಬೇಕು. ಒಬ್ಬರು ತಲೆಯನ್ನು, ಇನ್ನೊಬ್ಬರು ಮೊಣಕಾಲನ್ನು ಹಿಡಿದುಕೊಳ್ಳಬೇಕು. ಎರಡು ವರ್ಷ ದಾಟಿದವರನ್ನು ಚಪ್ಪಲಿ ಕಳಚಿಸಿ, ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕವೊಂದನ್ನು ಅಡ್ಡಲಾಗಿಟ್ಟು ಗೆರೆ ಹಾಕಬೇಕು. ಜುಟ್ಟು ಕಟ್ಟಿದ್ದರೆ ಬಿಚ್ಚಬೇಕು. ಮಲಗಿಸಿ ಅಳೆದರೆ ನಿಲ್ಲಿಸಿ ಅಳೆದುದಕ್ಕಿಂತ ೦.೭ ಸೆಂಟಿಮೀಟರಿನಷ್ಟು ಹೆಚ್ಚು ಬರುತ್ತದೆ, ಎರಡನ್ನೂ ಬೆರೆಸಬಾರದು.

ಅಭ್ಯಾಸಕ್ಕೆ ಒಂದು ಪ್ರಶ್ನೆ. ನಾಲ್ಕು ವರ್ಷ ತುಂಬಿದ ಹೆಣ್ಣುಮಗುವಿನ ತೂಕದ ಮಧ್ಯಾಂಕ ೧೬ ಕಿಲೋ ೧೦೦ ಗ್ರಾಂ, ಎತ್ತರದ್ದು ೧೦೨.೭ ಸೆಂಟಿಮೀಟರ್. ನಾಲ್ಕು ವರ್ಷದ ಮೂವರು ಹುಡುಗಿಯರ ಕಾರ್ಡುಗಳಲ್ಲಿ ತೂಕ ೧೬ ಕಿಲೋ ಎಂದೇ ಇದೆ. ಒಬ್ಬಳ ಎತ್ತರ ೧೦೩ ಸೆಂಟಿಮೀಟರ್, ಇನ್ನೊಬ್ಬಳದು ೯೧. ಮೂರನೆಯವಳ ಕಾರ್ಡಿನಲ್ಲಿ ಎತ್ತರದ ಜಾಗ ಖಾಲಿ ಬಿಟ್ಟಿದೆ. ಮೂವರ ಬಗ್ಗೆಯೂ ನೀವು ಏನೇನು ಹೇಳಬಲ್ಲಿರಿ, ಏನನ್ನು ಹೇಳಲಾರಿರಿ? ಉತ್ತರ ಬರೆದು ಶಾಲೆ ತೆರೆದ ಮೊದಲ ವಾರದಲ್ಲಿ ತಂದು ತೋರಿಸಿ.